ಪಲ್ಟಿಯಾದರೆ ತಲೆ ಉಳಿಯಬೇಕಲ್ಲ!

ಪ್ರಶ್ನೆ: ನಾನು ಹಾಸನದ ಕಡೆಯವನು. ಕೆಲಸದ ಮೇಲೆ ಬಂದು ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನೆಲೆಸಿದ್ದೇನೆ. ಕಾಲೇಜಿನ ದಿನಗಳಿಂದ ಇದ್ದ ಆಸೆಯೊಂದು ಈಗ ಕೈಗೂಡಿದೆ. 1995ರ ಮಾಡೆಲ್‌ನ ಮಾಜ್ದಾ ಮಿಯಾಟಾ ಕೊಂಡಿದ್ದೇನೆ. ಎರಡೇ ಸೀಟು, ಬಟ್ಟೆಯ ಟಾಪು, ಕೈಯಲ್ಲಿ ಹಾಕುವ ಐದು ಗೇರು. ಭಾನುವಾರ ಟಾಪು ಇಳಿಸಿಕೊಂಡು ಬ್ಲೂ ರಿಡ್ಜ್ ಬೆಟ್ಟದ ರಸ್ತೆಗಳಲ್ಲಿ ಹೋಗುವ ಖುಷಿಯೇ ಬೇರೆ. ಆದರೆ ಒಮ್ಮೆ ಜೊತೆಗೆ ಬಂದ ನನ್ನ ಹೆಂಡತಿ ಮತ್ತೆ ಆ ಕಾರು ಹತ್ತಿಲ್ಲ. ‘ಗಾಡಿ ಪಲ್ಟಿ ಹೊಡೆದರೆ ನೆಲಕ್ಕೆ ಮೊದಲು ತಾಗೋದು ನಮ್ಮ ತಲೆ. ಮೇಲೆ ಒಂದು ಕಂಬಿಯಾದರೂ ಹಾಕಿಸಿ, ಇಲ್ಲಾ ಮಾರಿಬಿಡಿ’ ಅನ್ನುತ್ತಾಳೆ. ಮಗಳಿಗೆ ಹದಿನಾರು ತುಂಬಿದೆ, ಅವಳಿಗೆ ಇದರಲ್ಲೇ ಗೇರ್ ಗಾಡಿ ಕಲಿಯಬೇಕೆಂಬ ಹಟ. ಗೆಳೆಯರನ್ನು ಕೇಳಿದರೆ ಒಬ್ಬ ರೋಲ್ ಬಾರ್ ಸಾಕು ಅನ್ನುತ್ತಾನೆ. ಇನ್ನೊಬ್ಬ ರೇಸ್ ಕಾರಿನ ಹಾಗೆ ಪೂರ್ತಿ ಕೇಜ್ ಕಟ್ಟಿಸು ಅನ್ನುತ್ತಾನೆ. ಮೂರನೆಯವನು ‘ಹೆಲ್ಮೆಟ್ ಇಲ್ಲದೆ ಓಡಿಸುವವನಿಗೆ ಆ ಕಂಬಿಯೇ ತಲೆ ಒಡೆಯುತ್ತೆ’ ಎಂದು ಹೆದರಿಸುತ್ತಾನೆ. ನನ್ನ ಎತ್ತರ ಆರಡಿ ಒಂದಿಂಚು. ಏನು ಮಾಡಲಿ?
— ಒಬ್ಬ ಓದುಗ, ಉತ್ತರ ಕೆರೊಲಿನಾ

ಉತ್ತರ: ನಿಮ್ಮ ಮನೆಯವರು ಹೇಳುವುದು ಸರಿ. ಹೆದರಿಸಿದ ಮೂರನೆಯ ಗೆಳೆಯ ಹೇಳುವುದೂ ಸರಿ. ತೊಡಕಿರುವುದೇ ಅಲ್ಲಿ. ಕಂಬಿಯೊಂದೇ ಯಾರನ್ನೂ ಕಾಪಾಡುವುದಿಲ್ಲ. ಕೂತಾಗ ತಲೆ ಎಲ್ಲಿರುತ್ತದೆ, ಬೆಲ್ಟ್ ಎಷ್ಟು ಬಿಗಿಯಾಗಿ ಹಿಡಿಯುತ್ತದೆ, ಕಂಬಿಯ ಕಾಲು ಊರಿರುವ ತಗಡು ಗಟ್ಟಿಯಿದೆಯೇ ಎಂಬ ಮೂರೂ ಕೂಡಿಬಂದಾಗ ಮಾತ್ರ ಅದು ರಕ್ಷಣೆ. ಒಂದು ತಪ್ಪಿದರೂ ಖರ್ಚು ಮಾಡಿ ತಂದುಕೊಂಡ ಅಪಾಯ. ನಿಮ್ಮ ವಿಷಯದಲ್ಲಂತೂ ಕಾರಿಗಿಂತ ನಿಮ್ಮ ಎತ್ತರವೇ ದೊಡ್ಡ ಪ್ರಶ್ನೆ. ಆದ್ದರಿಂದ ಬಾರ್ ಯಾವ ಕಂಪನಿಯದು ಎಂದು ಹುಡುಕುವ ಮೊದಲು ಅಳತೆ ಪಟ್ಟಿ ಹುಡುಕಿ.

ಭಯ ಎಷ್ಟು ನಿಜ?

ಮಿಯಾಟಾ ನೆಲಕ್ಕೆ ಅಂಟಿಕೊಂಡಂತಿರುವ ಕಾರು. ಚಕ್ರಗಳ ಅಗಲಕ್ಕೆ ಹೋಲಿಸಿದರೆ ಅದರ ಭಾರ ತೀರಾ ಕೆಳಗಿದೆ. ಸಮತಟ್ಟಾದ ಡಾಂಬರಿನ ಮೇಲೆ ಎಷ್ಟೇ ಜೋರಾಗಿ ತಿರುಗಿಸಿದರೂ ಅದು ಜಾರುತ್ತದೆಯೇ ಹೊರತು ಮಗುಚುವುದಿಲ್ಲ. ಕಾರು ಮಗುಚುವುದು ಅಡ್ಡಡ್ಡ ಜಾರಿಹೋಗಿ ಏನಕ್ಕಾದರೂ ಎಡವಿದಾಗ: ರಸ್ತೆ ಬದಿಯ ಮೆತ್ತನೆ ಮಣ್ಣಿಗೆ ಚಕ್ರ ಹೂತಾಗ, ಕಲ್ಲಿನ ಅಂಚಿಗೆ ತಾಗಿದಾಗ, ಚರಂಡಿಗೆ ಇಳಿದಾಗ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯಾದ ಎನ್‌ಎಚ್‌ಟಿಎಸ್‌ಎ ಲೆಕ್ಕದಲ್ಲಿ, ಬೇರೆ ವಾಹನ ಡಿಕ್ಕಿ ಹೊಡೆಯದೆ ಒಂದೇ ವಾಹನ ಪಲ್ಟಿಯಾಗುವ ಅಪಘಾತಗಳಲ್ಲಿ ಸುಮಾರು ಶೇ. 95 ಹೀಗೆ ಎಡವಿ ಆದವು. ಬೆಟ್ಟದ ರಸ್ತೆಯಲ್ಲಿ ಎಡವಲು ಬೇಕಾದ್ದೆಲ್ಲ ಬದಿಯಲ್ಲೇ ಇರುತ್ತದೆ. ನಿಮ್ಮ ಮನೆಯವರು ಆ ರಸ್ತೆಯಲ್ಲಿ ಕೂತು ಬಂದವರು, ಅವರ ಭಯ ಹುಟ್ಟಿದ್ದೂ ಅಲ್ಲೇ.

ಪಲ್ಟಿಯಾದರೆ ಮುಂದಿನ ಗಾಜಿನ ಚೌಕಟ್ಟು ಕಾರನ್ನು ಹೊರುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಕಾರಿನ ತೂಕ ಸುಮಾರು ಒಂದು ಟನ್. ಆ ಕಾಲದ ಮಿಯಾಟಾದ ಚೌಕಟ್ಟನ್ನು ಆ ಭಾರ ಬೀಳಲಿ ಎಂದು ಕಟ್ಟಿದ್ದಲ್ಲ. ಚಳಿಗಾಲಕ್ಕೆ ಕೂರಿಸುವ ಗಟ್ಟಿ ಟಾಪು ಸಿಗುತ್ತದಲ್ಲ, ಅದು ಮಳೆ, ಚಳಿ, ಕಳ್ಳರನ್ನು ತಡೆಯುತ್ತದೆ, ಕಾರಿನ ತೂಕವನ್ನಲ್ಲ. ಸೀಟಿನ ಹಿಂದೆ ಅಂದಕ್ಕೆಂದು ಮಾರುವ ಹೊಳೆಯುವ ಸ್ಟೈಲ್ ಬಾರ್ ಕೂಡ ಬರೀ ಒಡವೆ. ಕೈಯಲ್ಲಿ ಅಲ್ಲಾಡಿಸಿದರೆ ಅಲುಗುವ ಕಂಬಿ ಟನ್ ಭಾರ ಹೊರುವುದುಂಟೇ?

ಹಾಗಾದರೆ ಕಂಪನಿಯವರೇ ಯಾಕೆ ಹಾಕಲಿಲ್ಲ?

ಕಾನೂನು ಕೇಳಲಿಲ್ಲ, ಅದಕ್ಕೆ. ಅಮೆರಿಕದ ಛಾವಣಿ ಗಟ್ಟಿತನದ ನಿಯಮ, ಎಫ್‌ಎಂವಿಎಸ್‌ಎಸ್ 216, ಕನ್ವರ್ಟಿಬಲ್‌ಗಳಿಗೆ ವಿನಾಯಿತಿ ಕೊಟ್ಟಿದೆ. ಆದರೆ 1960-70ರ ದಶಕಗಳಲ್ಲಿ ಟಾಪು ಬಿಚ್ಚುವ ಕಾರುಗಳನ್ನೇ ಸರ್ಕಾರ ನಿಷೇಧಿಸಬಹುದು ಎಂಬ ಅಳುಕು ಕಂಪನಿಗಳಿಗಿತ್ತು. ಪೋರ್ಷೆ 1965ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ತೋರಿಸಿದ ಟಾರ್ಗಾದ ಅಗಲವಾದ ಉಕ್ಕಿನ ಕಮಾನಿನ ಹಿಂದೆ ಈ ಅಳುಕೂ ಇತ್ತು. ಫೋಕ್ಸ್‌ವ್ಯಾಗನ್ 1979ರ ಗಾಲ್ಫ್ ಕ್ಯಾಬ್ರಿಯೊಲೆಗೆ ನಡುವೆಯೇ ಕಮಾನು ಹಾಕಿತು. ಜನ ನಕ್ಕು ಅದನ್ನು ಸ್ಟ್ರಾಬೆರಿ ಬುಟ್ಟಿ ಎಂದು ಕರೆದರು. 1989ರಲ್ಲಿ ಬಂದ ಮರ್ಸಿಡಿಸ್ ಎಸ್‌ಎಲ್‌ನಲ್ಲಿ ಕಮಾನು ಮಡಚಿ ಮಲಗಿರುತ್ತಿತ್ತು, ಕಾರು ಮಗುಚುವ ಸೂಚನೆ ಸಿಕ್ಕರೆ ಸುಮಾರು 0.3 ಸೆಕೆಂಡಿನಲ್ಲಿ ಎದ್ದು ನಿಲ್ಲುತ್ತಿತ್ತು. ಅದೇ 1989ರಲ್ಲಿ ಶಿಕಾಗೊದಲ್ಲಿ ಅನಾವರಣಗೊಂಡ ಮಿಯಾಟಾದ ಗುರಿಯೇ ಬೇರೆ. ಹಗುರ, ಸರಳ, ಕೈಗೆಟುಕುವ ಬೆಲೆ. ಕಮಾನು ಅದರ ಪಟ್ಟಿಯಲ್ಲಿರಲಿಲ್ಲ. ಆ ಕೊರತೆ ತುಂಬಲೆಂದೇ ಹಾರ್ಡ್ ಡಾಗ್, ಬ್ಲ್ಯಾಕ್‌ಬರ್ಡ್ ಫ್ಯಾಬ್‌ವರ್ಕ್ಸ್‌ನಂಥವರು ಈ ಕಾರಿಗೆ ಹೊಂದುವ ರೋಲ್ ಬಾರ್ ತಯಾರಿಸುತ್ತ ಬಂದಿದ್ದಾರೆ.

ಮೊದಲು ಕೋಲಿನ ಪರೀಕ್ಷೆ

ಅಮೆರಿಕದ ಟ್ರ್ಯಾಕ್‌ಗಳಲ್ಲಿ ತೆರೆದ ಕಾರುಗಳಿಗೆ ಒಂದು ಸರಳ ಪರೀಕ್ಷೆಯಿದೆ. ಅದನ್ನು ನಿಮ್ಮ ಮನೆ ಅಂಗಳದಲ್ಲೇ ಮಾಡಬಹುದು. ಟಾಪು ಇಳಿಸಿ. ದಿನಾ ಓಡಿಸುವಾಗ ಕೂರುವ ಹಾಗೆಯೇ, ಬೆನ್ನು ಸೀಟಿಗೆ ತಾಗಿಸಿ ಬೆಲ್ಟ್ ಹಾಕಿಕೊಂಡು ಕೂತುಕೊಳ್ಳಿ. ಪರೀಕ್ಷೆ ಎಂದು ಕುಗ್ಗಿ ಕೂರಬೇಡಿ. ನೆಲ ಒರೆಸುವ ಮಾಪಿನ ನೇರ ಕೋಲೊಂದನ್ನು ಬಾರ್‌ನ ನೆತ್ತಿಯಿಂದ ಮುಂದಿನ ಗಾಜಿನ ಚೌಕಟ್ಟಿನ ಮೇಲಂಚಿಗೆ ಅಡ್ಡ ಇಡಿ. ತಲೆ ಆ ಕೋಲಿನ ಕೆಳಗೇ ಇರಬೇಕು. ಟ್ರ್ಯಾಕಿನಲ್ಲಿ ಹೆಲ್ಮೆಟ್ ಹಾಕಿಸಿ ನೋಡುತ್ತಾರೆ. ಬಾರ್‌ನ ನೆತ್ತಿ ಹೆಲ್ಮೆಟ್ಟಿಗಿಂತ ಎರಡು ಇಂಚು ಮೇಲಿರಬೇಕು ಎಂದು ಕೇಳುವುದೂ ಉಂಟು. ಕಾರು ತಲೆಕೆಳಗಾಗಿ ಬಿದ್ದಾಗ ನೆಲ ನಿಲ್ಲುವುದು ಹೆಚ್ಚುಕಡಿಮೆ ಆ ಕೋಲಿದ್ದ ಜಾಗದಲ್ಲಿ. ಗಾಜಿನ ಚೌಕಟ್ಟು ಬಗ್ಗಿದರೆ ನೆಲ ಇನ್ನೂ ಕೆಳಗೆ ಬರುತ್ತದೆ. ಆದ್ದರಿಂದ ಕೂದಲೆಳೆಯ ಅಂತರದಲ್ಲಿ ಪಾಸಾದರೆ ಅದು ಪಾಸಲ್ಲ.

ಬಾರ್ ಇನ್ನೂ ಬಂದಿಲ್ಲವಲ್ಲ ಎನ್ನುತ್ತೀರಾ? ತಯಾರಕರನ್ನು ಕೇಳಿ, ಬಾರ್‌ನ ನೆತ್ತಿ ಕಾರಿನಲ್ಲಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂಬ ಅಳತೆ ತರಿಸಿಕೊಳ್ಳಿ. ಅಷ್ಟೇ ಎತ್ತರಕ್ಕೆ ಸೀಟಿನ ಹಿಂದೆ ಒಂದು ಮರದ ಪಟ್ಟಿ ನಿಲ್ಲಿಸಿ ಕೋಲಿಟ್ಟು ನೋಡಿ. ಅದಕ್ಕಿಂತ ಒಳ್ಳೆಯದು, ಹತ್ತಿರದ ಮಿಯಾಟಾ ಕ್ಲಬ್‌ನವರ ಪೈಕಿ ಅದೇ ಬಾರ್ ಹಾಕಿಸಿದವರ ಕಾರಿನಲ್ಲಿ ಐದು ನಿಮಿಷ ಕೂತು ಬರುವುದು.

ಆರಡಿ ಒಂದಿಂಚಿನವರು ಈ ಕಾರಿನಲ್ಲಿ ಮೊದಲ ಸಲಕ್ಕೇ ಪಾಸಾಗುವುದು ಕಷ್ಟ. ದಾರಿಗಳು ಎರಡು. ಒಂದು, ಎತ್ತರದ ಬಾರ್ ಆರಿಸುವುದು. ಆಗ ಟಾಪು ಏರಿಸಿದಾಗ ಬಟ್ಟೆಗೂ ಹಿಂದಿನ ಕಿಟಕಿಗೂ ಅದು ತಾಗದೆ ಇರುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಇನ್ನೊಂದು, ಸೀಟು ತಗ್ಗಿಸುವುದು. ಎತ್ತರದವರು ಸೀಟಿನ ಕೂರುವ ಭಾಗದ ಸ್ಪಂಜನ್ನು ಕೊಯ್ದು ತಗ್ಗಿಸಿಕೊಳ್ಳುವುದು ಈ ಕಾರಿನವರಲ್ಲಿ ಹಳೇ ರೂಢಿ. ಬೆನ್ನಿನ ಭಾಗವನ್ನು ಹೆಚ್ಚು ಹಿಂದಕ್ಕೆ ಒರಗಿಸಿ ಪಾಸಾಗುತ್ತೇನೆ ಅಂದರೆ ಒಪ್ಪುವುದಿಲ್ಲ. ಬಾರ್ ಬಂದ ಮೇಲೆ ಸೀಟು ಅಷ್ಟು ಒರಗುವುದೂ ಇಲ್ಲ, ಹಿಂದಕ್ಕೆ ಸರಿಯುವ ಜಾಗವೂ ಕಮ್ಮಿಯಾಗುತ್ತದೆ. ಉದ್ದ ಕಾಲಿನವರಿಗೆ ಇದೂ ಒಂದು ಲೆಕ್ಕ.

ಈ ಎರಡೂ ಆದ ಮೇಲೂ ತಲೆ ಕೋಲಿಗಿಂತ ಮೇಲಿದ್ದರೆ ಈ ಕಾರು ನಿಮ್ಮ ಅಳತೆಯದಲ್ಲ. ಆಗ ಬಾರ್‌ಗೆ ಹಣ ಸುರಿಯುವ ಬದಲು, ಕಂಪನಿಯಿಂದಲೇ ಸೀಟುಗಳ ಹಿಂದೆ ಕಮಾನು ಬಂದಿರುವ ಹೋಂಡಾ ಎಸ್2000 ಅಥವಾ ಪೋರ್ಷೆ ಬಾಕ್ಸ್‌ಟರ್‌ನಂಥ ಹಳೇ ಕಾರು ನೋಡಿ. ಅದರಲ್ಲಿ ಕೂತೂ ಕೋಲು ಇಟ್ಟು ನೋಡಿಯೇ ಕೊಳ್ಳಿ.

ಬಾರ್ ಹೇಗಿರಬೇಕು?

ಸೀಟುಗಳ ಹಿಂದೆ ಕಾರಿನ ಪೂರ್ತಿ ಅಗಲಕ್ಕೆ ನಿಂತ ಒಂದೇ ಪೈಪಿನ ಕಮಾನು, ಅದು ಹಿಂದಕ್ಕೆ ಮಡಚಿಕೊಳ್ಳದ ಹಾಗೆ ಎರಡು ಊರುಗಂಬಿ, ಪಕ್ಕಕ್ಕೆ ವಾಲದ ಹಾಗೆ ಒಂದು ಓರೆಕಂಬಿ. ಈ ಮೂರೂ ಇರುವುದೇ ಬೇಕು. ಓರೆಕಂಬಿ ಇಲ್ಲದ ಬಾರ್ ನೋಡಲು ಚೆಂದ, ಆದರೆ ಕಾರು ಬೀಳುವುದು ಸಾಮಾನ್ಯವಾಗಿ ಒಂದು ಮೂಲೆಯ ಮೇಲೆ. ಆಗ ಚೌಕ ಚಪ್ಪಟೆಯಾಗದಂತೆ ಹಿಡಿಯುವುದು ಆ ಓರೆಕಂಬಿಯೇ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ರೇಸಿಂಗ್ ಕಾರುಗಳ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪದ, ಇಲ್ಲವೇ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪದ ಬೆಸುಗೆಯಿಲ್ಲದ ಉಕ್ಕಿನ ಪೈಪು ಕೇಳುತ್ತದೆ. ಊರುಗಂಬಿ ನೇರವಾಗಿರಬೇಕು, ಲಂಬಕ್ಕೆ ಕನಿಷ್ಠ 30 ಡಿಗ್ರಿ ಓರೆಯಲ್ಲಿ ಹಿಂದಕ್ಕೆ ಹೋಗಬೇಕು. ನೀವು ರೇಸಿಗೆ ಹೋಗುವವರಲ್ಲ ನಿಜ. ಆದರೂ ಅಂಗಡಿಯವನ ಮಾತು ತೂಗಿ ನೋಡಲು ಈ ಅಂಕಿಗಳು ಕೈಯಲ್ಲಿರಲಿ. ಪೈಪು ಯಾವುದು, ದಪ್ಪ ಎಷ್ಟು ಎಂದು ಕೇಳಿದರೆ ತಡವರಿಸುವವನಿಂದ ಕೊಳ್ಳಬೇಡಿ.

ಅದರ ಕಾಲು ಊರುವ ಜಾಗ ಇನ್ನೂ ಮುಖ್ಯ. ಕಾರಿನ ನೆಲದ ತಗಡು ತೆಳು. ಬೋಲ್ಟನ್ನು ಬರೀ ವಾಷರ್ ಹಾಕಿ ಬಿಗಿದರೆ ಪಲ್ಟಿಯ ಹೊಡೆತಕ್ಕೆ ತಗಡನ್ನು ಹರಿದುಕೊಂಡು ಹೊರಬರುತ್ತದೆ. ಅದಕ್ಕೇ ಎಫ್‌ಐಎ ಪ್ರತಿ ಪಾದದ ಕೆಳಗೆ ಕನಿಷ್ಠ 3 ಮಿ.ಮೀ. ದಪ್ಪ ಮತ್ತು 120 ಚದರ ಸೆಂ.ಮೀ. ವಿಸ್ತೀರ್ಣದ ಉಕ್ಕಿನ ತಟ್ಟೆ, 8.8 ದರ್ಜೆಯ ಕನಿಷ್ಠ 8 ಮಿ.ಮೀ. ಬೋಲ್ಟು ಇರಲಿ ಎನ್ನುತ್ತದೆ. ಒಳ್ಳೆಯ ಬಾರ್ ಜೊತೆಗೆ ಆ ತಟ್ಟೆಗಳೂ ಬರುತ್ತವೆ. ಡಬ್ಬದಲ್ಲಿ ಅವು ಇಲ್ಲದಿದ್ದರೆ ವಾಪಸು ಕಳಿಸಿ.

ತುಕ್ಕು ನೋಡದೆ ತೂತು ಕೊರೆಯಬೇಡಿ

ನಿಮ್ಮ ಕಾರಿಗೆ ಮೂವತ್ತು ವರ್ಷ. ಮಿಯಾಟಾದ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಎರಡು ಸಣ್ಣ ತೂತುಗಳಿಂದ ಕೆಳಗೆ ಹರಿದುಹೋಗಬೇಕು. ಎಲೆ, ಧೂಳು ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೇ ನಿಂತು, ಹಿಂಚಕ್ರದ ಮುಂದಿನ ಸಿಲ್, ಅಂದರೆ ಬಾಗಿಲ ಕೆಳಗಿನ ತಗಡು, ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಕಾರನ್ನು ಲಿಫ್ಟಿಗೆ ಏರಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ಆ ಭಾಗವನ್ನು ತಟ್ಟುತ್ತ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಡಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಮೊನೆಯಿಂದ ಒತ್ತಿ. ಒಳಕ್ಕೆ ಇಳಿದರೆ ಮೊದಲು ತಗಡು ಕೆಲಸ, ಆಮೇಲೆ ಬಾರ್. ತುಕ್ಕು ತಗಡಿನ ಮೇಲೆ ಎಂಥ ಬಾರ್ ನಿಲ್ಲಿಸಿದರೂ ಹಪ್ಪಳದ ಮೇಲೆ ಒನಕೆ ಊರಿದ ಹಾಗೆ.

ಇನ್ನೊಂದು ಎಚ್ಚರಿಕೆ. ಈ ಕಾರಿನ ಪೆಟ್ರೋಲ್ ಟ್ಯಾಂಕ್ ಇರುವುದು ಸೀಟುಗಳ ಬೆನ್ನಿಗೇ, ಹಿಂದಿನ ಕಟ್ಟೆಯ ಕೆಳಗೆ. ಡ್ರಿಲ್ ಓಡುವುದು ಅದರ ಪಕ್ಕದಲ್ಲಿ. ಬೆಸೆದು ಕೂರಿಸೋಣ, ಗಟ್ಟಿ ಬರುತ್ತದೆ ಎನ್ನುವ ವೆಲ್ಡರ್ ಸಿಕ್ಕರೆ ನಮಸ್ಕಾರ ಹೇಳಿ ಬನ್ನಿ. ಬೋಲ್ಟಿನಲ್ಲಿ ಕೂರುವ ಬಾರ್ ಸಾಕು. ಡಿಕ್ಕಿಯಲ್ಲಿರುವ ಬ್ಯಾಟರಿಯ ತಂತಿ ಬಿಚ್ಚಿ, ಟಾಪನ್ನೂ ಕಾರ್ಪೆಟ್ಟನ್ನೂ ತೆಗೆದು, ಟ್ಯಾಂಕ್ ಎಲ್ಲಿದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಕೊರೆಯುವ ಅನುಭವಸ್ಥರ ಕೈಗೆ ಕೊಡಿ. ಕೊರೆದ ತೂತಿನ ಅಂಚಿಗೆ ಬಣ್ಣ ಹಚ್ಚಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ತುಕ್ಕು ಅಲ್ಲಿಂದಲೇ ಶುರು.

ಆ ಕಂಬಿಯೇ ತಲೆ ಒಡೆದರೆ?

ಈಗ ಮೂರನೆಯ ಗೆಳೆಯನ ಮಾತಿಗೆ ಬರೋಣ. ಪಲ್ಟಿ ಅಪರೂಪ. ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನಿಂದ ಬಂದು ಗುದ್ದುವುದು ದಿನನಿತ್ಯದ ಅಪಘಾತ. ಹಾಗೆ ಗುದ್ದಿದಾಗ ಸೀಟಿನ ಬೆನ್ನು ಹಿಂದಕ್ಕೆ ಬಾಗುತ್ತದೆ, ತಲೆ ಅದರೊಂದಿಗೇ ಹಿಂದಕ್ಕೆ ಮೇಲಕ್ಕೆ ಚಿಮ್ಮುತ್ತದೆ. ಕಮಾನು ತೀರಾ ಹತ್ತಿರವಿದ್ದರೆ ಬರೀ ತಲೆ ಉಕ್ಕಿಗೆ ಬಡಿಯುತ್ತದೆ. ಕೂತು ತಲೆಯನ್ನು ಬಲವಾಗಿ ಹಿಂದಕ್ಕೆ ಚಾಚಿದಾಗ ಮೊದಲು ಸಿಗುವುದು ಸೀಟಿನ ತಲೆದಿಂಬೇ ಆಗಿರಬೇಕು, ಕಮಾನಲ್ಲ. ಆದರೂ ತಲೆ ತಲುಪಬಹುದಾದ ಕಡೆಯೆಲ್ಲ ಗಟ್ಟಿ ಪ್ಯಾಡಿಂಗ್ ಹಾಕಿಸಿ. ಎಸ್‌ಎಫ್‌ಐ 45.1 ಅಥವಾ ಎಫ್‌ಐಎ 8857-2001 ಎಂಬ ಗುರುತು ನೋಡಿ ಕೊಳ್ಳಿ. ಒತ್ತಿದರೆ ಬೆರಳಿಗೆ ನೋವಾಗುವಷ್ಟು ಗಟ್ಟಿಯಿರುತ್ತದೆ, ಇರಬೇಕಾದ್ದೇ ಹಾಗೆ. ಬಿಸಿನೀರಿನ ಪೈಪಿಗೆ ಸುತ್ತುವ ಮೆತ್ತನೆ ಸ್ಪಂಜು ಪ್ಯಾಡಿಂಗ್ ಅಲ್ಲ. ಒಂದು ಮಾತು ನೆನಪಿರಲಿ: ಈ ಪ್ಯಾಡಿಂಗ್ ರೇಸಿನವರಿಗಾಗಿ, ಹೆಲ್ಮೆಟ್ ಹಾಕಿದ ತಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು. ಬರೀ ತಲೆಗೆ ಅದು ಪೆಟ್ಟನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ದೂರವೇ ಮೊದಲ ರಕ್ಷಣೆ.

ಇದೇ ಕಾರಣಕ್ಕೆ ಎರಡನೆಯ ಗೆಳೆಯನ ಕೇಜ್ ಬೇಡವೇ ಬೇಡ. ಪೂರ್ತಿ ಕೇಜ್ ಎಂದರೆ ಹಣೆಯ ಮುಂದೆ, ಕಿವಿಯ ಪಕ್ಕದಲ್ಲಿ ಉಕ್ಕಿನ ಪೈಪುಗಳು. ಹೆಲ್ಮೆಟ್ ಹಾಕಿ, ಅಲುಗದ ಸೀಟಿನಲ್ಲಿ ಆರು ಪಟ್ಟಿಗಳ ಬೆಲ್ಟ್ ಬಿಗಿದುಕೊಂಡವನಿಗೆ ಅದು ಕೋಟೆ. ಹಾಲು ತರಲು ಹೊರಟವನಿಗೆ ಸಣ್ಣ ಡಿಕ್ಕಿಯಲ್ಲೂ ತಲೆಗೆ ಪೆಟ್ಟು.

ಬೆಲ್ಟ್ ಬಗ್ಗೆ ಒಂದು ಮಾತು. ರೇಸಿನ ಬೆಲ್ಟನ್ನು ರಸ್ತೆಯಲ್ಲಿ ಬಳಸಬೇಡಿ. ಬಾರ್ ಇಲ್ಲದ ತೆರೆದ ಕಾರಿನಲ್ಲಂತೂ ಅದು ನಿಮ್ಮನ್ನು ನೆಟ್ಟಗೆ ಕಟ್ಟಿಹಾಕಿ, ತಲೆಯನ್ನೇ ಕಾರಿನ ಅತಿ ಎತ್ತರದ ಭಾಗವಾಗಿ ಮಾಡುತ್ತದೆ. ಕಾರಿನ ಜೊತೆ ಬಂದ ಮೂರು ಬಿಂದುವಿನ ಬೆಲ್ಟೇ ಇರಲಿ. ಪಟ್ಟಿಯ ಅಂಚು ನೂಲು ಬಿಟ್ಟಿದ್ದರೆ, ಜಗ್ಗಿದಾಗ ತಟ್ಟನೆ ಹಿಡಿಯದಿದ್ದರೆ ಹೊಸದು ಹಾಕಿಸಿ. ಬಾರ್ ಕೂರಿಸುವ ಭರದಲ್ಲಿ ಬೆಲ್ಟ್ ಸುತ್ತುವ ರಾಟೆಯನ್ನು ಓರೆ ಮಾಡಿ ಬಿಗಿಯದಂತೆ ನೋಡಿಕೊಳ್ಳಿ. ಕಾರು ವಾಲಿದ್ದನ್ನು ಗುರುತಿಸಿ ಬೆಲ್ಟ್ ಹಿಡಿಯುವ ಯಂತ್ರ ಅದರೊಳಗಿದೆ, ಕೋನ ತಪ್ಪಿದರೆ ಅದರ ಲೆಕ್ಕವೂ ತಪ್ಪುತ್ತದೆ. ಕಂಪನಿ ಕೊಟ್ಟ ಸುರಕ್ಷತಾ ಸಾಧನವನ್ನು ಗ್ಯಾರೇಜಿನವರು ತಿಳಿದೂ ತಿಳಿದೂ ನಿಷ್ಕ್ರಿಯ ಮಾಡುವುದು ಅಮೆರಿಕದ ಕಾನೂನಿಗೂ ವಿರುದ್ಧ. ಬಾರ್ ಹಾಕಿಸಿದ್ದನ್ನು ವಿಮಾ ಕಂಪನಿಗೆ ಬರೆದು ತಿಳಿಸಿಬಿಡಿ.

ಹೆಂಡತಿ, ಮಗಳು

ಅಳತೆ ಮಾಡಿದಾಗ ನಿಮಗೊಂದು ಸಂಗತಿ ಗೊತ್ತಾಗುತ್ತದೆ. ನಿಮ್ಮ ಮನೆಯವರು ನಿಮಗಿಂತ ಗಿಡ್ಡವಿದ್ದರೆ ಕೋಲಿನ ಕೆಳಗೆ ಅವರಿಗೆ ಧಾರಾಳ ಜಾಗವಿರುತ್ತದೆ. ಕಂಬಿ ಹಾಕಿಸಿದ ಕಾರಿನಲ್ಲಿ ನಿಮಗಿಂತ ಅವರೇ ಸುರಕ್ಷಿತ. ಅವರು ಕೇಳಿದ್ದು ತಮ್ಮೊಬ್ಬರಿಗಾಗಿ ಅಲ್ಲ ಎಂಬುದು ನಿಮಗೆ ಹೊಳೆದಿರಬಹುದು. ಮಗಳ ತಲೆಗೂ ಬೇರೆಯಾಗಿ ಕೋಲಿಟ್ಟು ನೋಡಿ. ಅವಳು ಓಡಿಸುವಾಗ ಸೀಟು ಮುಂದೆ ಇರುತ್ತದೆ, ಅಳತೆ ಬದಲಾಗುತ್ತದೆ.

ಕ್ಲಚ್ಚು, ಗೇರು ಕಲಿಯಲು ಈ ಕಾರು ಒಳ್ಳೆಯ ಮೇಷ್ಟ್ರು. ಖಾಲಿ ಪಾರ್ಕಿಂಗ್ ಮೈದಾನದಲ್ಲಿ ಕಲಿಸಿ. ಆದರೆ ಜಾರಿದಾಗ ತಾನೇ ಬ್ರೇಕ್ ಹಾಕಿ ಸರಿಪಡಿಸುವ ಸ್ಟೆಬಿಲಿಟಿ ಕಂಟ್ರೋಲ್ ಇದರಲ್ಲಿಲ್ಲ. ಅಮೆರಿಕದಲ್ಲಿ ಅದು ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2012ರ ಮಾಡೆಲ್‌ಗಳಿಂದ. ಹಾಗಾಗಿ ಹದಿನಾರರ ಹುಡುಗಿ ಒಬ್ಬಳೇ ಬೆಟ್ಟ ಹತ್ತುವ ಕಾರು ಇದಲ್ಲ. ಅವಳ ದಿನದ ಓಡಾಟಕ್ಕೆ ಬೇರೆ ಕಾರಿರಲಿ.

ಕಾರು ಮಗುಚದಂತೆ ನೋಡಿಕೊಳ್ಳುವ ಕೆಲಸ ಟೈರಿನದು. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಭಾನುವಾರದ ಕಾರುಗಳಲ್ಲಿ ಟೈರು ಸವೆಯುವುದಿಲ್ಲ, ರಬ್ಬರು ಮಾತ್ರ ಗಡಸಾಗುತ್ತದೆ. ನೋಡಲು ಹೊಸದಾಗಿದ್ದೂ ಒದ್ದೆ ಎಲೆಗಳ ಮೇಲೆ ಹಿಡಿಯುವುದಿಲ್ಲ. ಬಾರ್‌ಗಿಂತ ಮೊದಲು ಖರ್ಚು ಮಾಡಬೇಕಾದದ್ದು ಇಲ್ಲೇ ಇರಬಹುದು.

ಊರಿನ ಓದುಗರಿಗೆ

ಮಲೆನಾಡು, ಕೊಡಗಿನಲ್ಲಿ ಹಳೇ ತೆರೆದ ಜೀಪು ಇಟ್ಟುಕೊಂಡವರಿಗೂ ಈ ಪಾಠ ಹೊಂದುತ್ತದೆ. ಟಾರ್ಪಾಲು ಹೊದಿಸುವ ಪೈಪಿನ ಚೌಕಟ್ಟು ರೋಲ್ ಬಾರ್ ಅಲ್ಲ. ನೀರಿನ ಪೈಪನ್ನು ಬಗ್ಗಿಸಿ ಬೆಸೆದದ್ದೂ ಅಲ್ಲ. ಆದರೆ ನಮ್ಮಲ್ಲಿ ಕಾನೂನಿನ ದಾರಿ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿವರ ಬದಲಾಯಿಸುವುದನ್ನು ನಿರ್ಬಂಧಿಸುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ವೆಲ್ಡಿಂಗ್ ಅಂಗಡಿಗೆ ಹೋಗುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ನೀವು ಮಾಡಬೇಕಾದದ್ದು ಈ ಕ್ರಮದಲ್ಲಿ: ಕೋಲಿನ ಅಳತೆ, ತುಕ್ಕಿನ ತಪಾಸಣೆ, ಟೈರು ಮತ್ತು ಬೆಲ್ಟ್, ಆಮೇಲೆ ಬಾರ್, ಕೊನೆಗೆ ಪ್ಯಾಡಿಂಗ್. ಮೊದಲ ಎರಡರಲ್ಲಿ ಯಾವುದು ಫೇಲಾದರೂ ಅಲ್ಲಿಗೇ ನಿಲ್ಲಿಸಿ. ಕೋಲು ಹಿಡಿಯುವ, ಅಳತೆ ಓದುವ ಕೆಲಸವನ್ನು ಮಾತ್ರ ನಿಮ್ಮ ಮನೆಯವರಿಗೇ ಬಿಡಿ. ಕಾರಿನ ಮೇಲೆ ಆಸೆಯಿರುವವರು ತಮ್ಮ ಅಳತೆ ತಾವೇ ತೆಗೆದರೆ ಅರ್ಧ ಇಂಚು ಕಡಿಮೆಯೇ ಬರುತ್ತದೆ!